ಬಡಾವಣೆಯ ಆರೋಗ್ಯದ ಅಳತೆ: ಬೆಂಗಳೂರು ನಗರದ ಸಂದರ್ಭದಲ್ಲಿ ಕೆಲವು ವಿಚಾರಗಳು

1898ರ ಆಗಸ್ಟ್ ತಿಂಗಳಿನಲ್ಲಿ ಪ್ಲೇಗು ಬೆಂಗಳೂರನ್ನು ಪ್ರವೇಶಿಸಿತು. ಅದಕ್ಕೆ ಏಳು ವರ್ಷ ಮೊದಲು, 1891ರ ಜನಗಣತಿಯಲ್ಲಿ, ಪೇಟೆ ಮತ್ತು ದಂಡು ಪ್ರದೇಶಗಳೆರಡೂ ಸೇರಿ ಊರಿನ ಜನಸಂಖ್ಯೆ ಸುಮಾರು 1 ಲಕ್ಷ 80 ಸಾವಿರ ಇತ್ತು. 1901ರ ಗಣತಿಯ ವೇಳೆಗೆ ಅದು ಸುಮಾರು 1 ಲಕ್ಷ 59 ಸಾವಿರಕ್ಕೆ ಇಳಿದಿತ್ತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪ್ಲೇಗಿನ ಭೀಕರತೆಯನ್ನು ವಿವರಿಸುವುದು ನಗರಚರಿತ್ರೆಯ ಬರಹಗಳಲ್ಲಿ ಕಂಡುಬರುವ ರೂಢಿ. ಆದರೆ ಈ ವ್ಯತ್ಯಾಸವು ಸತ್ತವರ ಸಂಖ್ಯೆಯಲ್ಲ. ಹೆದರಿ ಊರು ಬಿಟ್ಟವರು, ಹೋಗಿ ಹಿಂತಿರುಗದವರು, ಬರಬೇಕಾಗಿದ್ದು ಬಾರದೆ ಉಳಿದವರು, ಆ ಹತ್ತು ವರ್ಷಗಳಲ್ಲಿ ಹುಟ್ಟಿದವರು, ಬೇರೆ ಕಾಯಿಲೆಗಳಿಂದ ತೀರಿಕೊಂಡವರು ಇವರೆಲ್ಲರ ಲೆಕ್ಕವೂ ಅದರೊಳಗೆ ಬೆರೆತುಹೋಗಿದೆ. ಪ್ಲೇಗಿನ ಮರಣಗಳನ್ನೇ ನೇರವಾಗಿ ಎಣಿಸಹೊರಟರೆ ಮತ್ತೊಂದು ತೊಡಕು ಎದುರಾಗುತ್ತದೆ. ಮನೆಯವರನ್ನು ಶಿಬಿರಕ್ಕೆ ಸಾಗಿಸುತ್ತಾರೆ, ಮನೆಯ ಹೆಂಚು ತೆಗೆಸುತ್ತಾರೆ ಎಂಬ ಭಯದಿಂದ ಜನರು ಕಾಯಿಲೆಯನ್ನು ಮುಚ್ಚಿಡುತ್ತಿದ್ದರೆಂಬುದು ಆ ಕಾಲದ ಪ್ಲೇಗು ದಾಖಲೆಗಳಲ್ಲಿ ಮತ್ತೆ ಮತ್ತೆ ಬರುವ ದೂರು. ಅಳೆಯುವ ಕ್ರಿಯೆಯೇ ಅಳತೆಯನ್ನು ಕೆಡಿಸುವ ಸನ್ನಿವೇಶ ಇದು.

ಪ್ಲೇಗಿನ ಅನುಭವದಿಂದ ನಗರಕ್ಕೆ ದೊರೆತದ್ದು ಬಸವನಗುಡಿ ಮತ್ತು ಮಲ್ಲೇಶ್ವರಗಳೆಂಬ ಎರಡು ಹೊಸ ಬಡಾವಣೆಗಳು. ಇವುಗಳ ಯೋಚನೆ ಸ್ವಲ್ಪ ಮೊದಲೇ ಮೊಳೆತಿದ್ದರೂ ಜನರು ಅಲ್ಲಿಗೆ ಹೋಗಿ ನೆಲೆಸುವಂತೆ ಮಾಡಿದ್ದು ಪ್ಲೇಗು. ಅಗಲವಾದ ನೇರ ಬೀದಿಗಳು, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ಕಸ ಮತ್ತು ಮಲ ಸಾಗಿಸಲು ಪ್ರತ್ಯೇಕ ಓಣಿ ಈ ವಿನ್ಯಾಸದ ಹಿಂದೆ ಒಂದು ಸ್ಪಷ್ಟ ನಂಬಿಕೆಯಿತ್ತು: ಮನುಷ್ಯನು ವಾಸಿಸುವ ಸ್ಥಳವೇ ಅವನ ಆರೋಗ್ಯವನ್ನು ನಿರ್ಧರಿಸುತ್ತದೆ. ಹೀಗಾಗಿ ಬೆಂಗಳೂರಿನ ಮಟ್ಟಿಗೆ 'ಬಡಾವಣೆ' ಎಂಬ ಪದವು ಹುಟ್ಟಿನಿಂದಲೇ ಆರೋಗ್ಯದ ಪದ. ಆದರೆ ಬಸವನಗುಡಿಯಲ್ಲಿ ಮನೆ ಕಟ್ಟಿದವರು ಆರೋಗ್ಯವಾಗಿದ್ದುದು ಬೀದಿ ಅಗಲವಾಗಿದ್ದುದರಿಂದಲೋ, ನಿವೇಶನ ಕೊಳ್ಳುವಷ್ಟು ಸ್ಥಿತಿವಂತರು ಮಾತ್ರ ಅಲ್ಲಿಗೆ ಹೋದುದರಿಂದಲೋ? ಬೀದಿಯ ಗುಣವನ್ನೂ ಬೀದಿಯ ಜನರ ಗುಣವನ್ನೂ ಬಿಡಿಸಿ ತೋರಿಸುವುದು ಹೇಗೆ ಎಂಬ ಈ ಪ್ರಶ್ನೆಗೆ ನೂರಿಪ್ಪತ್ತೈದು ವರ್ಷಗಳ ನಂತರವೂ ಸುಲಭದ ಉತ್ತರವಿಲ್ಲ.

ಪ್ರಸ್ತುತ ಪ್ರಬಂಧದ ಉದ್ದೇಶ ಸೀಮಿತವಾದುದು. ಒಂದು ನಗರದ ಅಥವಾ ರಾಜ್ಯದ ಆರೋಗ್ಯವನ್ನು ಅಳೆಯಲು ನಮ್ಮಲ್ಲಿ ಸಾಕಷ್ಟು ಸಾಧನಗಳಿವೆ. ಆ ಸಾಧನಗಳನ್ನೇ ಒಂದು ಬಡಾವಣೆಗೆ, ಒಂದು ಕೇರಿಗೆ, ಒಂದು ಪಾಳ್ಯಕ್ಕೆ ಅನ್ವಯಿಸಿದಾಗ ಏನಾಗುತ್ತದೆ, ಎಲ್ಲೆಲ್ಲಿ ಅವು ಜಾರುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ಇದು ಕೇವಲ ಸಂಖ್ಯಾಶಾಸ್ತ್ರದ ಸೂಕ್ಷ್ಮವಲ್ಲ. ಚಿಕಿತ್ಸಾಲಯ ಎಲ್ಲಿ ಬರಬೇಕು, ಯಾವ ಕೊಳೆಗೇರಿಯನ್ನು ತೆರವು ಮಾಡಬೇಕು, ಯಾವುದಕ್ಕೆ ಚರಂಡಿ ಕೊಡಬೇಕು ಎಂಬ ತೀರ್ಮಾನಗಳು ಇಂಥ ಅಂಕಿಗಳ ಬೆನ್ನೇರಿ ಬರುತ್ತವೆ.

ಸರಾಸರಿ ವಯಸ್ಸಿನ ಪ್ರಮಾದ

ಬಡಾವಣೆಗಳ ಆರೋಗ್ಯವನ್ನು ಅಂಕಿಗಳ ಮೂಲಕ ಹೋಲಿಸುವ ಪದ್ಧತಿ ಪ್ರಬಲವಾಗಿ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಎಡ್ವಿನ್ ಚಾಡ್ವಿಕ್ 1842ರಲ್ಲಿ ಪ್ರಕಟಿಸಿದ ಶ್ರಮಿಕ ವರ್ಗದ ನೈರ್ಮಲ್ಯ ಕುರಿತ ವರದಿಯಲ್ಲಿ ಬೇರೆಬೇರೆ ಪಟ್ಟಣಗಳ ಜನರು ಸಾಯುವ ವೇಳೆಗೆ ಎಷ್ಟು ವಯಸ್ಸಾಗಿರುತ್ತದೆ ಎಂಬುದರ ಸರಾಸರಿಯನ್ನು ವರ್ಗವಾರು ಕೊಟ್ಟರು. ಲಿವರ್‌ಪೂಲಿನಲ್ಲಿ ಸಿರಿವಂತರ ಸರಾಸರಿ 35, ವ್ಯಾಪಾರಿಗಳದು 22, ಕೂಲಿಕಾರರದು 15 ವರ್ಷ ಎಂಬ ಆ ಅಂಕಿಗಳು ಓದುಗರನ್ನು ಬೆಚ್ಚಿಬೀಳಿಸಿದವು. 1848ರ ಸಾರ್ವಜನಿಕ ಆರೋಗ್ಯ ಕಾಯಿದೆಗೆ ಹಾದಿ ಮಾಡಿಕೊಟ್ಟವು. ಉದ್ದೇಶ ಒಳ್ಳೆಯದು, ಪರಿಣಾಮವೂ ಒಳ್ಳೆಯದು. ಆದರೆ ಅಳತೆಯೇ ತಪ್ಪು ಎಂಬುದನ್ನು 1844ರಲ್ಲಿಯೇ ವಿಮಾ ಗಣಿತಜ್ಞ ನೀಸನ್ ತೋರಿಸಿಕೊಟ್ಟರು. ಮಕ್ಕಳೇ ಹೆಚ್ಚಾಗಿರುವ ಕೇರಿಯಲ್ಲಿ ಸಾಯುವವರಲ್ಲಿಯೂ ಮಕ್ಕಳೇ ಹೆಚ್ಚು. ವೃದ್ಧರೇ ತುಂಬಿರುವ ಬೀದಿಯಲ್ಲಿ ಸತ್ತವರ ಸರಾಸರಿ ವಯಸ್ಸು ತಾನಾಗಿಯೇ ಏರುತ್ತದೆ. ಆ ಸರಾಸರಿಯು ಸಾವಿನ ಕುರಿತು ಎಷ್ಟು ಹೇಳುತ್ತದೆಯೋ ಬದುಕಿರುವವರ ವಯೋರಚನೆಯ ಕುರಿತೂ ಅಷ್ಟೇ ಹೇಳುತ್ತದೆ.

ಇದನ್ನು ನಮ್ಮ ನಗರಕ್ಕೆ ತಂದು ನೋಡೋಣ. ಹಳೆಯ ಬಡಾವಣೆಯೊಂದರಲ್ಲಿ ಮಕ್ಕಳು ಪರದೇಶಕ್ಕೆ ಹೋಗಿ ತಂದೆತಾಯಿಗಳು ಮಾತ್ರ ಉಳಿದಿರುವ ಮನೆಗಳು ಹೆಚ್ಚು. ಅಲ್ಲಿ ಜನಸಂಖ್ಯೆಯ ಕಾಲುಭಾಗ ಅರವತ್ತು ದಾಟಿದವರೆಂದು ಭಾವಿಸೋಣ. ನಗರದ ಅಂಚಿನಲ್ಲಿ ಕಟ್ಟಡ ಕಾರ್ಮಿಕರು, ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ನೆಲೆಸಿರುವ ಇನ್ನೊಂದು ಪ್ರದೇಶದಲ್ಲಿ ಅರವತ್ತು ದಾಟಿದವರು ಶೇ 5 ಮಾತ್ರ. ಹಳೆಯ ಬಡಾವಣೆಯಲ್ಲಿ ಅರವತ್ತರೊಳಗಿನ ಸಾವಿರ ಮಂದಿಯಲ್ಲಿ ವರ್ಷಕ್ಕೆ 3, ಅರವತ್ತು ಮೀರಿದ ಸಾವಿರದಲ್ಲಿ 30 ಮರಣಗಳು. ಅಂಚಿನ ಪ್ರದೇಶದಲ್ಲಿ ಕ್ರಮವಾಗಿ 4 ಮತ್ತು 40. ಅಂದರೆ ಎರಡೂ ವಯೋವರ್ಗಗಳಲ್ಲಿ ಅಂಚಿನ ಪ್ರದೇಶದ ಸ್ಥಿತಿಯೇ ಕೆಟ್ಟದ್ದು. ಆದರೆ ಒಟ್ಟಾರೆ ಮರಣ ಪ್ರಮಾಣವನ್ನು ಲೆಕ್ಕ ಹಾಕಿದರೆ ಹಳೆಯ ಬಡಾವಣೆಯಲ್ಲಿ ಸಾವಿರಕ್ಕೆ 9.75, ಅಂಚಿನಲ್ಲಿ 5.8. ವಾರ್ಡುವಾರು ಪಟ್ಟಿಯನ್ನು ನೋಡುವ ಅಧಿಕಾರಿಗೆ ಹಳೆಯ ಬಡಾವಣೆಯೇ ರೋಗಗ್ರಸ್ತವೆಂದು ತೋರುತ್ತದೆ. ಎರಡಕ್ಕೂ ಒಂದೇ ವಯೋರಚನೆಯನ್ನು, ಉದಾಹರಣೆಗೆ ಶೇ 10ರಷ್ಟು ವೃದ್ಧರಿರುವ ಜನಸಂಖ್ಯೆಯನ್ನು, ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದರೆ 5.7 ಮತ್ತು 7.6 ಬರುತ್ತದೆ, ಸತ್ಯ ತನ್ನ ಸ್ಥಾನಕ್ಕೆ ಹಿಂತಿರುಗುತ್ತದೆ. ವಯೋಮಾನಕ್ಕೆ ಹೊಂದಿಸುವ ಈ ಕ್ರಮವು ಹೊಸದೇನೂ ಅಲ್ಲ, ಪ್ರತಿಯೊಂದು ಪಠ್ಯಪುಸ್ತಕದಲ್ಲಿಯೂ ಇದೆ. ಆದರೂ ಬಡಾವಣೆ ಮಟ್ಟದ ವರದಿಗಳಲ್ಲಿ ಹೊಂದಿಸದ ಅಂಕಿಗಳೇ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಕಾರಣ ಸರಳ: ವಾರ್ಡುವಾರು ವಯೋರಚನೆ ಕೈಗೆ ಸಿಗುವುದಿಲ್ಲ.

ಅಂಶ ಮತ್ತು ಛೇದ

ಯಾವುದೇ ದರವೂ ಒಂದು ಭಿನ್ನರಾಶಿ. ಬಡಾವಣೆಯ ಮಟ್ಟದಲ್ಲಿ ಅದರ ಅಂಶವೂ ಛೇದವೂ ಎರಡೂ ಸಂದೇಹಾಸ್ಪದ.

ಅಂಶವನ್ನು ಮೊದಲು ನೋಡೋಣ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಜನನವನ್ನಾಗಲಿ ಮರಣವನ್ನಾಗಲಿ ಅದು ಸಂಭವಿಸಿದ ಸ್ಥಳದಲ್ಲಿ ನೋಂದಾಯಿಸಬೇಕೇ ಹೊರತು ವ್ಯಕ್ತಿಯ ವಾಸಸ್ಥಳದಲ್ಲಲ್ಲ. ಮರಣಗಳು ಮನೆಯಲ್ಲಿಯೇ ಸಂಭವಿಸುತ್ತಿದ್ದ ಕಾಲದಲ್ಲಿ ಇದರಿಂದ ಹೆಚ್ಚಿನ ತೊಂದರೆಯಿರಲಿಲ್ಲ. ಇಂದಿನ ನಗರದಲ್ಲಿ ಹೆರಿಗೆಗಳು ಬಹುತೇಕ ಆಸ್ಪತ್ರೆಯಲ್ಲಿಯೇ ಆಗುತ್ತವೆ, ಮರಣಗಳ ದೊಡ್ಡ ಪಾಲೂ ಅಲ್ಲಿಯೇ. ಕೃಷ್ಣರಾಜ ಮಾರುಕಟ್ಟೆಯ ಬಳಿ ವಿಕ್ಟೋರಿಯಾ ಮತ್ತು ವಾಣಿವಿಲಾಸ ಆಸ್ಪತ್ರೆಗಳು ಒಂದರ ಪಕ್ಕ ಒಂದಿವೆ. ನಗರದ ಎಲ್ಲ ಮೂಲೆಗಳಿಂದಲೂ ಹೊರಜಿಲ್ಲೆಗಳಿಂದಲೂ ಬಂದವರ ಹುಟ್ಟು ಸಾವುಗಳು ಅಲ್ಲಿ ದಾಖಲಾಗುತ್ತವೆ. ಆ ದಾಖಲೆಗಳನ್ನು ಹಾಗೆಯೇ ವಾರ್ಡಿನ ಹೆಸರಿನಲ್ಲಿ ಕೂಡಿಸಿದರೆ ಆಸ್ಪತ್ರೆಯಿರುವ ವಾರ್ಡು ಸ್ಮಶಾನದಂತೆಯೂ ಆಸ್ಪತ್ರೆಯಿಲ್ಲದ ವಾರ್ಡು ಅಮರಾವತಿಯಂತೆಯೂ ಕಾಣುವುದು ಅನಿವಾರ್ಯ. ವಿಲಿಯಂ ಫಾರ್ ಲಂಡನ್ನಿನ ಮರಣಪಟ್ಟಿಗಳನ್ನು ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ಅಲ್ಲಿನ ಆಸ್ಪತ್ರೆಗಳೂ ಬಡವರ ಆಶ್ರಯಗೃಹಗಳೂ ಇದೇ ತೊಡಕನ್ನು ಒಡ್ಡಿದ್ದವು. ಪರಿಹಾರ ಇಲ್ಲದಿಲ್ಲ. ನೋಂದಣಿ ನಮೂನೆಯಲ್ಲಿ ಮೃತರ ವಿಳಾಸಕ್ಕೂ ತಾಯಿಯ ವಾಸಸ್ಥಳಕ್ಕೂ ಜಾಗವಿದೆ. ಅದನ್ನು ಸರಿಯಾಗಿ ತುಂಬಿಸಿ, ವಿಳಾಸದ ಮೇಲಿಂದ ಘಟನೆಯನ್ನು ಆಯಾ ಬಡಾವಣೆಗೆ ಮರಳಿಸಬಹುದು. ಆದರೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಯಾವ ವಿಳಾಸ ಬರೆಸುತ್ತಾಳೆ, ಬಾಡಿಗೆ ಮನೆಯಲ್ಲಿ ತೀರಿಕೊಂಡವನ ಬಂಧುಗಳು ಊರಿನ ವಿಳಾಸವನ್ನು ಕೊಡುತ್ತಾರೋ ಇಲ್ಲಿನದನ್ನೋ ಎಂಬ ಪ್ರಶ್ನೆಗಳು ಆಗಲೂ ಉಳಿಯುತ್ತವೆ. ನಮ್ಮಲ್ಲಿ 'ಊರು' ಎಂದರೆ ಇರುವ ಸ್ಥಳವಲ್ಲ, ಬಂದ ಸ್ಥಳ.

ಛೇದದ ಸ್ಥಿತಿ ಇನ್ನೂ ಶೋಚನೀಯ. 2011ರ ಜನಗಣತಿಯಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ, ವಾರ್ಡುಗಳು 198. ಸರಾಸರಿ ವಾರ್ಡಿಗೆ 42 ಸಾವಿರಕ್ಕೂ ಹೆಚ್ಚು ಜನ. ಒಳನಗರದ ಕೆಲವು ವಾರ್ಡುಗಳು ಸರಾಸರಿಯ ಅರ್ಧದಷ್ಟಿದ್ದರೆ ಅಂಚಿನ ಕೆಲವು ಅದರ ಎರಡರಷ್ಟಿದ್ದವು. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1 ಅದರ ಆಧಾರದಿನವೆಂದು ಗೊತ್ತಾಗಿದೆ. ನಡುವಿನ ಈ ಅವಧಿಯಲ್ಲಿ ಬಸವನಗುಡಿಯ ಜನಸಂಖ್ಯೆ ಹೆಚ್ಚೇನೂ ಬದಲಾಗದಿರಬಹುದು. ಆದರೆ ಹೊಲಗಳು ಅಪಾರ್ಟ್‌ಮೆಂಟುಗಳಾದ ಹೊರವಲಯದಲ್ಲಿ ಹಳೆಯ ಛೇದವನ್ನಿಟ್ಟುಕೊಂಡು ಹೊಸ ಡೆಂಗ್ಯೂ ಪ್ರಕರಣಗಳನ್ನು ಭಾಗಿಸಿದರೆ ರೋಗವು ಇರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಕಾಣಿಸುತ್ತದೆ.

ಅಂಶ ಛೇದಗಳೆರಡೂ ನಿಖರವಾಗಿವೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಸಣ್ಣ ಸಂಖ್ಯೆಗಳ ಚಂಚಲತೆ ಕಾಡುತ್ತದೆ. 42 ಸಾವಿರ ಜನರ ವಾರ್ಡಿನಲ್ಲಿ ವರ್ಷಕ್ಕೆ 630 ಜನನಗಳು, ಅವುಗಳಲ್ಲಿ 13 ಶಿಶುಮರಣಗಳು ಎಂದು ಭಾವಿಸಿದರೆ ಶಿಶುಮರಣ ದರ ಸಾವಿರಕ್ಕೆ ಸುಮಾರು 21. ಮರುವರ್ಷ 18 ಶಿಶುಗಳು ತೀರಿಕೊಂಡರೆ ದರ ಸುಮಾರು 29ಕ್ಕೆ ಏರುತ್ತದೆ. 'ಶೇ 38ರಷ್ಟು ಹೆಚ್ಚಳ' ಎಂಬ ತಲೆಬರಹ ಸಿದ್ಧವಾಗುತ್ತದೆ. ಆದರೆ ಒಂದು ವರ್ಷದ 13 ಮರಣಗಳ ಆಧಾರದ ಮೇಲೆ ಆ ವಾರ್ಡಿನ ನಿಜವಾದ ದರವು 11ರಿಂದ 35ರವರೆಗೆ ಎಲ್ಲಿ ಬೇಕಾದರೂ ಇರಬಹುದೆಂದಷ್ಟೇ ಸಂಖ್ಯಾಶಾಸ್ತ್ರ ಹೇಳಬಲ್ಲದು. ಐದು ವರ್ಷಗಳ ಘಟನೆಗಳನ್ನು ಒಟ್ಟುಗೂಡಿಸಿದರೆ ಈ ಅಂತರ 16ರಿಂದ 26ಕ್ಕೆ ಕುಗ್ಗುತ್ತದೆ. ನಿಖರತೆ ಬೇಕಾದರೆ ಕಾಲವನ್ನು ಕೊಡಬೇಕು, ಅಥವಾ ಪ್ರದೇಶವನ್ನು ಹಿಗ್ಗಿಸಬೇಕು. ಹಿಗ್ಗಿಸಿದೊಡನೆ ಬಡಾವಣೆಯು ಬಡಾವಣೆಯಾಗಿ ಉಳಿಯುವುದಿಲ್ಲ. ವರ್ಷವರ್ಷವೂ ವಾರ್ಡುಗಳಿಗೆ ಶ್ರೇಯಾಂಕ ಕೊಡುವ ಉತ್ಸಾಹಿಗಳು ಈ ಒಂದು ಲೆಕ್ಕವನ್ನು ಮಾಡಿ ನೋಡಿದ್ದರೆ ಎಷ್ಟೋ ಕಾಗದ ಉಳಿಯುತ್ತಿತ್ತು.

ಗೆರೆ ಎಲ್ಲಿ ಎಳೆಯಬೇಕು?

ಬಡಾವಣೆ ಎಂದರೆ ಯಾವುದು? ಬೆಂಗಳೂರಿನಲ್ಲಿ ಪೇಟೆ, ಪಾಳ್ಯ, ಹಳ್ಳಿ, ಸಂದ್ರ, ಕೇರಿ, ಬ್ಲಾಕು, ಹಂತ, ಅಡ್ಡರಸ್ತೆ ಎಂಬ ಹೆಸರುಗಳು ಒಂದರ ಮೇಲೊಂದು ಕೂತಿವೆ. ನಿವಾಸಿಯು 'ನಮ್ಮ ಏರಿಯಾ' ಎನ್ನುವುದು ಅವನು ಹಾಲು ತರುವ, ಮಗುವನ್ನು ಶಾಲೆಗೆ ಬಿಡುವ, ಸಂಜೆ ನಡೆದಾಡುವ ಆವರಣ. ಆಡಳಿತದ ವಾರ್ಡು ಅದಲ್ಲ. ಅನೇಕ ವಾರ್ಡುಗಳಲ್ಲಿ ಒಂದು ಕಡೆ ನಿವೇಶನಗಳ ಬಡಾವಣೆ, ರಾಜಕಾಲುವೆಯಾಚೆ ಕೊಳೆಗೇರಿ. ಇವೆರಡರ ಸರಾಸರಿಯು ಇಬ್ಬರಲ್ಲಿ ಯಾರ ಬದುಕನ್ನೂ ವರ್ಣಿಸುವುದಿಲ್ಲ. ವಾರ್ಡಿನ ಗೆರೆಯನ್ನು ಕಾಲುವೆಯ ಗುಂಟ ಎಳೆದರೆ ಒಂದು ಒಳ್ಳೆಯ ವಾರ್ಡು, ಒಂದು ಕೆಟ್ಟ ವಾರ್ಡು. ಅಡ್ಡಲಾಗಿ ಎಳೆದರೆ ಎರಡು ಸಾಧಾರಣ ವಾರ್ಡುಗಳು. ಜನರಲ್ಲಿ ಯಾರೂ ಕದಲಿಲ್ಲ, ಯಾರ ಕಾಯಿಲೆಯೂ ಬದಲಾಗಲಿಲ್ಲ, ಅಂಕಿಗಳು ಮಾತ್ರ ಬದಲಾದವು. ಭೂಗೋಳಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿರುವ ಸಮಸ್ಯೆಯಿದು.

ಕೊಳೆಗೇರಿಯ ವ್ಯಾಖ್ಯೆಯಲ್ಲಿಯೇ ಈ ಗೊಂದಲದ ಒಂದು ಸ್ಪಷ್ಟ ನಿದರ್ಶನವಿದೆ. 2011ರ ಜನಗಣತಿಯು ಅಧಿಸೂಚಿತ ಮತ್ತು ಮಾನ್ಯತೆ ಪಡೆದ ಕೊಳೆಗೇರಿಗಳಲ್ಲದೆ ತಾನಾಗಿ ಗುರುತಿಸಿದವುಗಳಿಗೆ ಕನಿಷ್ಠ 300 ಜನ ಅಥವಾ 60ರಿಂದ 70 ಕುಟುಂಬಗಳಿರಬೇಕೆಂದು ನಿಗದಿಪಡಿಸಿತು. ರಾಷ್ಟ್ರೀಯ ಮಾದರಿ ಸಮೀಕ್ಷೆಗೆ 20 ಕುಟುಂಬಗಳಿದ್ದರೆ ಸಾಕು. ರೈಲು ಹಳಿಯ ಪಕ್ಕದಲ್ಲಿ 40 ಗುಡಿಸಲುಗಳ ಒಂದು ಗುಂಪು ಒಂದು ಲೆಕ್ಕದಲ್ಲಿ ಕೊಳೆಗೇರಿ, ಇನ್ನೊಂದರಲ್ಲಿ ಅಲ್ಲ. ಕಾನೂನಿನ ದೃಷ್ಟಿಯಲ್ಲಿಯಾದರೋ 1973ರ ಕರ್ನಾಟಕದ ಕೊಳಚೆ ಪ್ರದೇಶಗಳ ಕಾಯಿದೆಯಂತೆ ಘೋಷಣೆಯಾದದ್ದು ಮಾತ್ರ ಕೊಳಚೆ ಪ್ರದೇಶ. ಘೋಷಣೆಯಾಗದ ಸಣ್ಣ ಗುಂಪುಗಳು ಅತ್ಯಂತ ಬಡವು, ಅತ್ಯಂತ ಹೊಸವು, ಬಹುಪಾಲು ಹೊರಗಿನಿಂದ ಬಂದ ಕೂಲಿಕಾರರವು. ಅಳತೆಯಿಂದ ಮೊದಲು ಜಾರಿಹೋಗುವವೂ ಅವೇ. 2005-06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಎಂಟು ನಗರಗಳಲ್ಲಿ ಕೊಳೆಗೇರಿ ಮತ್ತು ಇತರ ಪ್ರದೇಶಗಳನ್ನು ಬೇರ್ಪಡಿಸಿ ಅಂಕಿಗಳನ್ನು ನೀಡಿತು. ಚೆನ್ನೈ, ಹೈದರಾಬಾದು, ಮುಂಬಯಿ, ನಾಗಪುರಗಳು ಆ ಪಟ್ಟಿಯಲ್ಲಿದ್ದವು, ಬೆಂಗಳೂರು ಇರಲಿಲ್ಲ. 2015-16ರ ನಾಲ್ಕನೆಯ ಸುತ್ತಿನಿಂದ ಜಿಲ್ಲಾಮಟ್ಟದ ಅಂಕಿಗಳು ದೊರೆಯುತ್ತಿವೆ. ಜಿಲ್ಲೆಗಿಂತ ಕೆಳಗೆ ಆ ಸಮೀಕ್ಷೆ ಇಳಿಯುವುದಿಲ್ಲ.

ಕೇಳಿ ತಿಳಿಯುವುದು

ಸಾವು ಮತ್ತು ರೋಗಗಳ ಎಣಿಕೆಯಿಂದ ಆರೋಗ್ಯದ ಒಂದು ಮುಖ ಮಾತ್ರ ತಿಳಿಯುತ್ತದೆ. ಮಂಡಿನೋವಿನಿಂದ ಮೂರನೆಯ ಮಹಡಿ ಇಳಿಯಲಾರದ ವೃದ್ಧೆ ಯಾವ ಮರಣಪಟ್ಟಿಯಲ್ಲಿಯೂ ಇಲ್ಲ. ಆದುದರಿಂದ ಜನರನ್ನೇ ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಬದುಕಿನ ಗುಣಮಟ್ಟವನ್ನು, ವ್ಯಕ್ತಿಯು ತಾನು ಬಾಳುವ ಸಂಸ್ಕೃತಿ ಮತ್ತು ಮೌಲ್ಯಗಳ ನಡುವೆ ತನ್ನ ಸ್ಥಾನವನ್ನು ತಾನೇ ಗ್ರಹಿಸುವ ಬಗೆ ಎಂಬ ಅರ್ಥದಲ್ಲಿ ನಿರೂಪಿಸಿತು. ಈ ಗ್ರಹಿಕೆಯನ್ನು ಅಳೆಯಲು 1990ರ ದಶಕದಲ್ಲಿ ಜಗತ್ತಿನ ಹದಿನೈದು ಕೇಂದ್ರಗಳಲ್ಲಿ ಏಕಕಾಲಕ್ಕೆ ಪ್ರಶ್ನಾವಳಿಯೊಂದನ್ನು ರೂಪಿಸಲಾಯಿತು; ಅವುಗಳಲ್ಲಿ ದೆಹಲಿ ಮತ್ತು ಮದರಾಸು ಸೇರಿದ್ದವು. ನೂರು ಪ್ರಶ್ನೆಗಳ ಆ ಪಟ್ಟಿಯ ಕಿರಿಯ ರೂಪದಲ್ಲಿ 26 ಪ್ರಶ್ನೆಗಳಿವೆ: ದೇಹಕ್ಕೆ ಸಂಬಂಧಿಸಿ ಏಳು, ಮನಸ್ಸಿಗೆ ಆರು, ಸಾಮಾಜಿಕ ಸಂಬಂಧಗಳಿಗೆ ಮೂರು, ಪರಿಸರಕ್ಕೆ ಎಂಟು, ಸಾಮಾನ್ಯವಾದವು ಎರಡು. ಬಡಾವಣೆಯ ಅಧ್ಯಯನಕ್ಕೆ ಕೊನೆಯ ಎಂಟು ಅತ್ಯಂತ ಉಪಯುಕ್ತ. ಸುರಕ್ಷತೆ, ಸುತ್ತಣ ವಾತಾವರಣ, ಹಣಕಾಸು, ಬೇಕಾದ ಮಾಹಿತಿ, ವಿರಾಮ, ಮನೆಯ ಸ್ಥಿತಿ, ವೈದ್ಯಸೇವೆ, ಸಾರಿಗೆ ಇವೆಲ್ಲವೂ ಅಲ್ಲಿವೆ. ಕನ್ನಡಕ್ಕೂ ಈ ಪ್ರಶ್ನಾವಳಿ ಬಂದಿದೆ.

ಆದರೆ ಭಾಷಾಂತರದಿಂದಲೇ ಪ್ರಶ್ನೆ ನಮ್ಮದಾಗುವುದಿಲ್ಲ. ಐದು ಮೆಟ್ಟಿಲಿನ ಉತ್ತರಗಳಲ್ಲಿ ಒಂದನ್ನು ಆರಿಸಿರೆಂದಾಗ ಬೆಂಗಳೂರಿನ ಗೃಹಿಣಿಯ ಬಾಯಲ್ಲಿ ಸಹಜವಾಗಿ ಬರುವ ಮಾತು 'ಪರವಾಗಿಲ್ಲ'. ಇದು ಮಧ್ಯದ ಮೆಟ್ಟಿಲೇ, ಅದಕ್ಕಿಂತ ಮೇಲೋ, ಅಥವಾ ಹೇಳಿಕೊಳ್ಳಲು ಮನಸ್ಸಿಲ್ಲದ ಕಷ್ಟದ ಮೇಲಿನ ಮುಸುಕೋ ಎಂಬುದು ಧ್ವನಿಯನ್ನು ಅವಲಂಬಿಸಿದೆ. 'ಹುಷಾರಿಲ್ಲ' ಎಂಬುದು ಹಳೆಯ ಮೈಸೂರು ಕಡೆ ಜ್ವರ ನೆಗಡಿಗಳ ಮಾತು; ಸಕ್ಕರೆ ಕಾಯಿಲೆಗೆ ಹತ್ತು ವರ್ಷಗಳಿಂದ ಗುಳಿಗೆ ನುಂಗುತ್ತಿರುವವರು ತಮಗೆ ಹುಷಾರಿಲ್ಲವೆಂದು ಹೇಳುವುದಿಲ್ಲ. ಉತ್ತರ ಕರ್ನಾಟಕದಿಂದ ಬಂದ ಕಾರ್ಮಿಕನಿಗೆ 'ಆರಾಮ' ಎಂಬ ಒಂದೇ ಪದದಲ್ಲಿ ಆರೋಗ್ಯವೂ ನೆಮ್ಮದಿಯೂ ಸೇರಿವೆ; ಪ್ರಶ್ನಾವಳಿಯು ಬೇರ್ಪಡಿಸಿದ ದೇಹ ಮತ್ತು ಮನಸ್ಸುಗಳನ್ನು ಅವನ ಭಾಷೆ ಬೇರ್ಪಡಿಸಿಲ್ಲ. ಇನ್ನು ಸಾಮಾಜಿಕ ಸಂಬಂಧಗಳ ಮೂರು ಪ್ರಶ್ನೆಗಳಲ್ಲಿ ಒಂದು ದಾಂಪತ್ಯಸುಖವನ್ನು ಕುರಿತದ್ದು. ಅತ್ತೆ ಬಾಗಿಲಲ್ಲಿ ನಿಂತಿರುವಾಗ ಅಪರಿಚಿತ ಗಣತಿದಾರನು ಸೊಸೆಯನ್ನು ಈ ಪ್ರಶ್ನೆ ಕೇಳುವುದು ಹೇಗೆ? ಅದು ಖಾಲಿ ಉಳಿಯುತ್ತದೆ, ಮೂರರಲ್ಲಿ ಒಂದು ಖಾಲಿಯಾದರೆ ಆ ವಿಭಾಗವೇ ದುರ್ಬಲವಾಗುತ್ತದೆ. ಪ್ರಶ್ನೆಗಳೆಲ್ಲ ಕಳೆದ ಎರಡು ವಾರಗಳನ್ನು ಕುರಿತವು ಎಂಬುದನ್ನೂ ಮರೆಯುವಂತಿಲ್ಲ. ಮಾರ್ಚ್ ತಿಂಗಳಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗಾಗಿ ಕಾಯುವ ಬಡಾವಣೆಯನ್ನು ಆಗಲೇ ಕೇಳುವುದಕ್ಕೂ ಅಕ್ಟೋಬರಿನಲ್ಲಿ ಕೇಳುವುದಕ್ಕೂ ಅಜಗಜಾಂತರ.

ಕೇಳಿ ತಿಳಿಯುವ ಅಳತೆಗೆ ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ. ಅಮರ್ತ್ಯ ಸೇನ್ 2002ರ ಒಂದು ಲೇಖನದಲ್ಲಿ ಇದನ್ನು ಚೊಕ್ಕವಾಗಿ ಮಂಡಿಸಿದರು. ಭಾರತದ ರಾಜ್ಯಗಳಲ್ಲಿ ಆಯುರ್ಮಾನ ಅತ್ಯಧಿಕವಾಗಿದ್ದ ಕೇರಳದಲ್ಲಿಯೇ ಕಾಯಿಲೆಯಿದೆಯೆಂದು ಹೇಳಿಕೊಳ್ಳುವವರೂ ಅತ್ಯಧಿಕ. ಆಯುರ್ಮಾನ ಬಹಳ ಕಡಿಮೆಯಿದ್ದ ಬಿಹಾರದಲ್ಲಿ ಹೇಳಿಕೊಳ್ಳುವವರು ಕಡಿಮೆ. ಶಿಕ್ಷಣವೂ ವೈದ್ಯಸೇವೆಯೂ ಇರುವಲ್ಲಿ ಜನರು ತಮ್ಮ ಕಾಯಿಲೆಯನ್ನು ಕಾಯಿಲೆಯೆಂದು ಗುರುತಿಸುತ್ತಾರೆ, ಇಲ್ಲದಲ್ಲಿ ಅದನ್ನು ಬಾಳಿನ ಸಹಜ ಸ್ಥಿತಿಯೆಂದು ಒಪ್ಪಿಕೊಂಡಿರುತ್ತಾರೆ. ಬಡಾವಣೆಗಳ ನಡುವೆಯೂ ಇದೇ ನಡೆಯುತ್ತದೆ. ವಾರ್ಷಿಕ ತಪಾಸಣೆ ಮಾಡಿಸಿಕೊಳ್ಳುವ ನಿವೃತ್ತ ಅಧಿಕಾರಿಯು ನಾಲ್ಕು ಕಾಯಿಲೆಗಳನ್ನು ಪಟ್ಟಿ ಮಾಡುತ್ತಾನೆ. ರಕ್ತದೊತ್ತಡವನ್ನು ಒಮ್ಮೆಯೂ ಅಳೆಸಿಕೊಳ್ಳದ ಪೌರಕಾರ್ಮಿಕಳು ತನಗೆ ಏನೂ ಇಲ್ಲವೆನ್ನುತ್ತಾಳೆ. ಇಬ್ಬರ ಮಾತೂ ಪ್ರಾಮಾಣಿಕ. ಇಬ್ಬರನ್ನೂ ಹೋಲಿಸಿ ಅವಳೇ ಹೆಚ್ಚು ಆರೋಗ್ಯವಂತೆ ಎಂದು ಬರೆದರೆ ವರದಿ ಅಪ್ರಾಮಾಣಿಕವಾಗುತ್ತದೆ.

ಹಾಗೆಂದು ಜನರ ಮಾತನ್ನು ತಳ್ಳಿಹಾಕುವುದು ಇನ್ನೂ ದೊಡ್ಡ ಅಪಚಾರ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಆರಂಭದ ಕೆಲಸವೊಂದನ್ನು ಇಲ್ಲಿ ನೆನೆಯಬೇಕು. ಬಡಜನರಿಗೆ ಕ್ಷಯದ ಅರಿವಿಲ್ಲ, ಅವರನ್ನು ಮನೆಮನೆಗೆ ಹೋಗಿ ಎಕ್ಸ್-ರೇ ತೆಗೆದು ಹುಡುಕಬೇಕು ಎಂಬುದು ಆಗಿನ ತಿಳಿವಳಿಕೆ. ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನವನ್ನು ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದಾಗ ತಿಳಿದುಬಂದದ್ದು ಬೇರೆಯೇ. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಜನರು ಆಗಲೇ ಚಿಕಿತ್ಸಾಲಯದ ಬಾಗಿಲಿಗೆ ಹೋಗಿಬಂದಿದ್ದರು. ಅಲ್ಲಿ ಅವರಿಗೆ ದೊರೆತದ್ದು ಕೆಮ್ಮಿನ ಔಷಧಿ. ಕಫಪರೀಕ್ಷೆಯ ವ್ಯವಸ್ಥೆಯನ್ನು ಸಾಮಾನ್ಯ ಆಸ್ಪತ್ರೆಗಳಿಗೇ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮದ ರೂಪುರೇಷೆಗೆ ಈ ಸಂಸ್ಥೆಯ ಅಧ್ಯಯನಗಳು ಬುನಾದಿಯಾದವು. ಅದು ಗ್ರಾಮಾಂತರ ಜಿಲ್ಲೆಯ ಕಥೆಯಾದರೂ ನಗರಕ್ಕೂ ಸಲ್ಲುತ್ತದೆ. ಕೇಳುವುದು ವ್ಯರ್ಥವಲ್ಲ, ಏನನ್ನು ಕೇಳಬೇಕು ಎಂಬುದು ಮುಖ್ಯ. 'ನಿಮ್ಮ ಆರೋಗ್ಯ ಹೇಗಿದೆ' ಎನ್ನುವುದಕ್ಕಿಂತ 'ಮೂರು ವಾರಕ್ಕಿಂತ ಹೆಚ್ಚು ಕೆಮ್ಮಿದೆಯೇ', 'ಒಂದೇ ಉಸಿರಿಗೆ ಎಷ್ಟು ಮೆಟ್ಟಿಲು ಹತ್ತಬಲ್ಲಿರಿ', 'ನಲ್ಲಿಯಲ್ಲಿ ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆ ನೀರು ಬರುತ್ತದೆ' ಎಂಬ ಪ್ರಶ್ನೆಗಳು ಬಡಾವಣೆ ಬಡಾವಣೆಗಳ ನಡುವೆ ಕಡಿಮೆ ಕದಲುತ್ತವೆ. ನೀರಿನ ವಿಷಯದಲ್ಲಂತೂ ಜನಗಣತಿಯ ಪ್ರಶ್ನೆ ಅಪೂರ್ಣ. 2011ರಲ್ಲಿ ಅದು ನೀರಿನ ಮೂಲವನ್ನೂ ಅದು ಮನೆಯ ಆವರಣದಲ್ಲಿದೆಯೇ, ಹತ್ತಿರದಲ್ಲಿದೆಯೇ, ದೂರದಲ್ಲಿದೆಯೇ ಎಂಬುದನ್ನೂ ಕೇಳಿತು, ನೀರು ಎಷ್ಟು ಹೊತ್ತು ಬರುತ್ತದೆಂಬುದನ್ನು ಕೇಳಲಿಲ್ಲ. ಮಧ್ಯರಾತ್ರಿ ಎರಡು ಗಂಟೆಗೆ ಎದ್ದು ಕೊಡ ತುಂಬಿಸುವವಳ ನಿದ್ರೆಗೆ ಆ ಕೋಷ್ಟಕದಲ್ಲಿ ಕಲಮಿಲ್ಲ.

ಹೇಳಿಕೆಗಳ ಈ ಏರುಪೇರನ್ನು ಸರಿದೂಗಿಸಲು ಕಲ್ಪಿತ ವ್ಯಕ್ತಿಚಿತ್ರಗಳನ್ನು ಬಳಸುವ ಒಂದು ವಿಧಾನವೂ ಇದೆ. ತನ್ನ ಸ್ಥಿತಿಯ ಜೊತೆಗೆ, ವಿವರಿಸಿ ಹೇಳಿದ ಇನ್ನೊಬ್ಬನ ಸ್ಥಿತಿಯನ್ನೂ ಅದೇ ಮೆಟ್ಟಿಲುಗಳಲ್ಲಿ ಅಳೆಯುವಂತೆ ಉತ್ತರಿಸುವವರನ್ನು ಕೇಳಿದರೆ ಅವರವರ ಅಳತೆಗೋಲಿನ ಉದ್ದ ತಿಳಿಯುತ್ತದೆ. ಕರ್ನಾಟಕವನ್ನೂ ಒಳಗೊಂಡಿದ್ದ ವಿಶ್ವ ಆರೋಗ್ಯ ಸಂಸ್ಥೆಯ ವಯಸ್ಕರ ಸಮೀಕ್ಷೆಯಲ್ಲಿ ಈ ಕ್ರಮವನ್ನು ಅನುಸರಿಸಲಾಗಿತ್ತು. ವಿಧಾನ ಜಾಣತನದ್ದು, ಆದರೆ ಸಮಯ ಬೇಡುವಂಥದು.

ಒಂದೇ ಅಂಕಿಯ ಆಕರ್ಷಣೆ

ಇಷ್ಟೆಲ್ಲ ಬಗೆಯ ಮಾಹಿತಿಯನ್ನು ಕಲಸಿ ಒಂದು ಸೂಚ್ಯಂಕವಾಗಿಸುವ ಒಲವು 1979ರ ಮೋರಿಸ್ ಡೇವಿಡ್ ಮೋರಿಸರ ಭೌತಿಕ ಜೀವನ ಗುಣಮಟ್ಟ ಸೂಚ್ಯಂಕದಿಂದ, 1990ರ ಮಾನವ ಅಭಿವೃದ್ಧಿ ಸೂಚ್ಯಂಕದಿಂದ ಬಲಗೊಂಡಿತು. ಕರ್ನಾಟಕವು 1999 ಮತ್ತು 2005ರಲ್ಲಿ ಜಿಲ್ಲಾವಾರು ಮಾನವ ಅಭಿವೃದ್ಧಿ ವರದಿಗಳನ್ನು ತಂದಿತು. ರಾಷ್ಟ್ರ, ರಾಜ್ಯ, ಜಿಲ್ಲೆಗಳ ಮಟ್ಟದಲ್ಲಿ ಇವು ಗಮನ ಸೆಳೆಯುವ ಕೆಲಸವನ್ನು ಮಾಡಿವೆ. ಆದರೆ ನಗರಗಳ ವಿಷಯದಲ್ಲಿ ಏನಾಗಬಹುದೆಂಬುದಕ್ಕೆ ಕೇಂದ್ರ ಸರ್ಕಾರದ ಸುಗಮ ಜೀವನ ಸೂಚ್ಯಂಕವನ್ನು ನೋಡಬಹುದು. 2018ರಲ್ಲಿ 111 ನಗರಗಳ ಪಟ್ಟಿಯಲ್ಲಿ ಬೆಂಗಳೂರು 58ನೆಯದಾಗಿತ್ತು. 2021ರ ಮಾರ್ಚಿನಲ್ಲಿ ಪ್ರಕಟವಾದ 2020ರ ಪಟ್ಟಿಯಲ್ಲಿ ಹತ್ತು ಲಕ್ಷ ಮೀರಿದ ನಗರಗಳಲ್ಲಿ ಅದೇ ಮೊದಲನೆಯದು. ಎರಡು ಮೂರು ವರ್ಷಗಳಲ್ಲಿ ನಗರ ಹೀಗೆ ಬದಲಾಯಿತೆಂದು ಇಲ್ಲಿ ವಾಸಿಸುವ ಯಾರೂ ನಂಬಲಾರರು. ಬದಲಾದದ್ದು ಅಳೆಯುವ ಕ್ರಮ: ವಿಭಾಗಗಳು ಬದಲಾದವು, ನಗರಗಳನ್ನು ಗಾತ್ರಕ್ಕನುಗುಣವಾಗಿ ವಿಂಗಡಿಸಲಾಯಿತು, ನಾಗರಿಕರ ಅಭಿಪ್ರಾಯ ಸಮೀಕ್ಷೆಗೆ ಶೇ 30ರಷ್ಟು ತೂಕ ದೊರೆಯಿತು. ಒಂದರ ತೂಕ ಎಷ್ಟಿರಬೇಕೆಂಬುದು ವಿಜ್ಞಾನದ ಪ್ರಶ್ನೆಯಲ್ಲ, ತೀರ್ಮಾನದ ಪ್ರಶ್ನೆ. ಸೂಚ್ಯಂಕವು ಆ ತೀರ್ಮಾನವನ್ನು ಅಂಕಗಣಿತದ ಹಿಂದೆ ಮರೆಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿಯೇ ತನ್ನ ನಾಲ್ಕು ವಿಭಾಗಗಳ ಅಂಕಗಳನ್ನು ಬೇರೆಬೇರೆಯಾಗಿ ಇಡುತ್ತದೆ, ಒಟ್ಟುಗೂಡಿಸುವುದಿಲ್ಲ. ಬಡಾವಣೆಯ ಅಧ್ಯಯನದಲ್ಲಿಯೂ ಈ ಸಂಯಮವೇ ಲೇಸೆಂದು ತೋರುತ್ತದೆ. ನೀರು ಚೆನ್ನಾಗಿದ್ದು ಗಾಳಿ ಕೆಟ್ಟಿರುವ ಬಡಾವಣೆಗೂ ಗಾಳಿ ಚೆನ್ನಾಗಿದ್ದು ನೀರು ಕೆಟ್ಟಿರುವ ಬಡಾವಣೆಗೂ ಒಂದೇ ಅಂಕ ಬಂದರೆ ಎಂಜಿನಿಯರು ಯಾವ ಗುದ್ದಲಿ ತೆಗೆದುಕೊಂಡು ಎಲ್ಲಿಗೆ ಹೋಗಬೇಕು?

ಹಾಗಾದರೆ ಮಾಡಬಹುದಾದದ್ದು ಏನು? ಮರಣ ಮತ್ತು ಜನನಗಳನ್ನು ವಾಸಸ್ಥಳಕ್ಕೆ ಮರಳಿಸಿ, ಐದು ವರ್ಷಗಳನ್ನು ಕೂಡಿಸಿ, ವಯಸ್ಸಿಗೆ ಹೊಂದಿಸಿ, ಅನಿಶ್ಚಿತತೆಯ ಅಂತರದೊಡನೆ ಕೊಡುವುದು ಒಂದು. ರಕ್ತದೊತ್ತಡ, ಸಕ್ಕರೆ, ಮಕ್ಕಳ ತೂಕ ಮತ್ತು ಎತ್ತರಗಳನ್ನು ಕೇಳದೆ ಅಳೆಯುವುದು. ಅದರ ಪಕ್ಕದಲ್ಲಿಯೇ ಅದೇ ವ್ಯಕ್ತಿಯ ಸ್ವಂತ ಹೇಳಿಕೆಯನ್ನೂ ಇಡುವುದು. ಈ ಎರಡರ ನಡುವಿನ ಅಂತರವು ಸ್ವತಃ ಒಂದು ಅಮೂಲ್ಯ ಮಾಹಿತಿ: ಅಳೆದಾಗ ರಕ್ತದೊತ್ತಡವಿದ್ದು ತಮಗಿಲ್ಲವೆಂದು ಹೇಳಿದವರ ಪ್ರಮಾಣವು ಆ ಬಡಾವಣೆಗೆ ವೈದ್ಯಸೇವೆ ಎಷ್ಟರಮಟ್ಟಿಗೆ ತಲುಪಿದೆ ಎಂಬುದರ ಅಳತೆ. ಬೀದಿಯನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಕಾಲುದಾರಿಯ ಅಗಲ, ಬೆಳಕಿನ ಕಂಬಗಳು, ತೆರೆದ ಚರಂಡಿ, ಕಸ ಬೀಳುವ ಮೂಲೆ ಇವನ್ನು ನಡೆದು ನೋಡಿ ಬರೆದುಕೊಳ್ಳಲು ದೊಡ್ಡ ಉಪಕರಣವೇನೂ ಬೇಡ. ಸರಾಸರಿಯ ಬದಲು ವಾರ್ಡಿನೊಳಗಿನ ಅಂತರವನ್ನು ಪ್ರಕಟಿಸಬೇಕು.

ಹಳೆಯ ಸಮೀಕ್ಷೆಗಳಿಂದ ಕಲಿಯಲು ಸಾಕಷ್ಟಿದೆ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರಗಳು ಕೂಡಿ 1950ರ ದಶಕದ ಆರಂಭದಲ್ಲಿ ನಡೆಸಿ 1961ರಲ್ಲಿ ಪ್ರಕಟಿಸಿದ ಮೈಸೂರು ಜನಸಂಖ್ಯಾ ಅಧ್ಯಯನವು ಬೆಂಗಳೂರು ನಗರವನ್ನು ಗ್ರಾಮಾಂತರ ವಲಯಗಳೊಡನೆ ಇಟ್ಟು ನೋಡಿತ್ತು. ಅಂಕಿಗಳ ಜೊತೆಗೆ ಅವನ್ನು ಹೇಗೆ ಸಂಗ್ರಹಿಸಲಾಯಿತು ಎಂಬುದನ್ನೂ ವಿವರಿಸಿದ್ದರಿಂದ ಆ ಸಂಪುಟ ಇಂದಿಗೂ ಸಂಶೋಧಕರಿಗೆ ಉಪಯುಕ್ತವಾಗಿದೆ. ಇಂದು ಸಂಗ್ರಹವಾಗುತ್ತಿರುವ ಬಡಾವಣೆ ಮಟ್ಟದ ಮಾಹಿತಿಗೆ ಆ ಭಾಗ್ಯವಿಲ್ಲ. 2022ರ ಡಿಸೆಂಬರಿನಿಂದ ರಾಜ್ಯದ ನಗರಗಳಲ್ಲಿ ತೆರೆಯಲಾದ ನಮ್ಮ ಕ್ಲಿನಿಕ್‌ಗಳಿಗೆ ಬರುವ ರೋಗಿಗಳ ದಾಖಲೆ ಬಡಾವಣೆಯ ಅಧ್ಯಯನಕ್ಕೆ ಒಳ್ಳೆಯ ಆಕರವಾಗಬಹುದು, ಆದರೆ ಅದರಲ್ಲಿ ಸಿಗುವುದು ಬಂದವರ ಲೆಕ್ಕ ಮಾತ್ರ, ಬಾರದವರದಲ್ಲ.

ಗಡಿಗಳಂತೂ ಮತ್ತೆ ಬದಲಾಗಿವೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆಯು 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಿಂದಿನ ಒಂದೇ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ವಾರ್ಡುಗಳನ್ನು ಹೊಸದಾಗಿ ರಚಿಸಲಾಯಿತು. 2011ರ 198 ವಾರ್ಡುಗಳ ಅಂಕಿಗಳು ಹೊಸ ವಾರ್ಡುಗಳೊಡನೆ ನೇರವಾಗಿ ಹೋಲುವುದಿಲ್ಲ. ಜನಗಣತಿಯ ಅತ್ಯಂತ ಸಣ್ಣ ಘಟಕವಾದ ಗಣತಿ ಬ್ಲಾಕು ಹಳೆಯ ಯಾವ ವಾರ್ಡಿನಲ್ಲಿತ್ತು, ಹೊಸ ಯಾವ ವಾರ್ಡಿಗೆ ಸೇರಿತು ಎಂಬ ಹೊಂದಾಣಿಕೆಯ ಪಟ್ಟಿಯೊಂದನ್ನು 2027ರ ಗಣತಿಯ ಕೋಷ್ಟಕಗಳು ಹೊರಬರುವ ಮುನ್ನವೇ ಸಿದ್ಧಪಡಿಸಿ, ಹಳೆಯ ವಾರ್ಡುಗಳ ನಕ್ಷೆಗಳೊಡನೆ ಗ್ರಂಥಾಲಯಗಳಲ್ಲಿ ಇರಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಆ ಪಟ್ಟಿಯಿದ್ದರೆ ರಾಜಕಾಲುವೆಯ ಆಚೆಯ ಕೇರಿಯಲ್ಲಿ 2011ರಿಂದ 2027ರವರೆಗೆ ಏನು ಬದಲಾಯಿತೆಂದು ಕೇಳಬಹುದು. ಇಲ್ಲವಾದರೆ ಹದಿನಾರು ವರ್ಷಗಳ ಬದಲಾವಣೆಯಲ್ಲಿ ಜನರದು ಎಷ್ಟು, ಗೆರೆಗಳದು ಎಷ್ಟು ಎಂದು ಬೇರ್ಪಡಿಸಲು ಸಾಧ್ಯವಾಗುವುದಿಲ್ಲ.